ವ್ಯರ್ಥ ಅಂದ್ರೇನಪ್ಪ?

ತಾಯಿ ತೀರಿಕೊಂಡಾಗ ಷಡಕ್ಷರಿಗೆ ಐದು ವರ್ಷ, ಅಕ್ಕ ಪುಟ್ಟಬಸಮ್ಮನಿಗೆ ಹನ್ನೆರಡು. ಇಲವಾಲದ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದುತ್ತಿದ್ದ ಹುಡುಗಿ ಪುಸ್ತಕ ಕಟ್ಟಿಟ್ಟು ಒಲೆ ಮುಂದೆ ಕೂತಳು. ತಮ್ಮ ಓದಿ ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದ. ಅಕ್ಕನಿಗೆ ಮದುವೆಯಾಯಿತು, ಕೆಲವೇ ವರ್ಷಕ್ಕೆ ಗಂಡ ತೀರಿಹೋದ. ಮಕ್ಕಳಿರಲಿಲ್ಲ. ಶ್ರೀರಾಂಪುರದ ತಮ್ಮನ ಮನೆಗೆ ಬಂದು ಸೇರಿಕೊಂಡಳು. ಹತ್ತಿರದ ಅಂಗನವಾಡಿಯಲ್ಲಿ ಆಯಾ ಕೆಲಸ ಸಿಕ್ಕಿತು.

ಉಪ್ಪಿಟ್ಟು ಬೇಯಿಸುವುದು, ಮಕ್ಕಳ ಮೂಗೊರೆಸುವುದು ಅವಳ ಕೆಲಸ. ಟೀಚರ್ ಮೀಟಿಂಗಿಗೆ ಹೋದ ದಿನ ಹಾಡು, ಕತೆಯೂ ಅವಳದೇ. ಎಸ್ಸೆಸ್ಸೆಲ್ಸಿ ಆದರೆ ನೀನೇ ಟೀಚರ್ ಆಗಬಹುದು ಎಂದು ಯಾರೋ ಹೇಳಿದ್ದೇ ತಡ, ಪ್ರೈವೇಟಾಗಿ ಪರೀಕ್ಷೆ ಕಟ್ಟಿದಳು. ಉಳಿದ ವಿಷಯಗಳೆಲ್ಲ ಮೊದಲ ಸಲವೇ ಪಾಸು. ಲೆಕ್ಕ ಮಾತ್ರ ಹೋಯಿತು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು.

೧೯೯೬ರಲ್ಲಿ ಮೂರನೇ ಸಲದ ಮಾರ್ಕ್ಸ್ ಕಾರ್ಡು ಬಂದ ಸಂಜೆ ಷಡಕ್ಷರಿ ಉತ್ತರ ಪತ್ರಿಕೆಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದ.

"ಆಯ್ತಾ?" ಎಂದ, ತಲೆಯೆತ್ತದೆ.

"ಇಲ್ಲ ಕಣಪ್ಪ. ಒಂಚೂರು ನೋಡು..."

"ಸಾಕು ಬುಡಕ್ಕ. ಇದೆಲ್ಲ ವ್ಯರ್ಥ."

ಅವಳು ಕಾರ್ಡನ್ನು ಸೆರಗಿನಡಿ ಹಿಡಿದುಕೊಂಡು ನಿಂತಳು. "ವ್ಯರ್ಥ ಅಂದ್ರೇನಪ್ಪ?"

"ಅರ್ಥವೇ ಇಲ್ಲದ್ದು ಅಂತ." ಕ್ಲಾಸಿನ ಅಭ್ಯಾಸಬಲ, ಸ್ವಂತ ವಾಕ್ಯವನ್ನೂ ಸೇರಿಸಿಬಿಟ್ಟ. "ಪುಟ್ಟಬಸಮ್ಮ ಲೆಕ್ಕ ಕಲಿಯುವುದು ವ್ಯರ್ಥ."

ಅಡುಗೆಮನೆ ಬಾಗಿಲಲ್ಲಿದ್ದ ಹೆಂಡತಿ ಶಾರದ, "ಏನ್ರೀ ಅದು ಮಾತು!" ಎಂದಳು.

"ಇರ್ಲಿ ಬುಡು ಶಾರದ. ಮೇಷ್ಟ್ರು ಹೇಳಿದ ಮೇಲೆ ಸರಿಯಾಗೇ ಇರ್ತದೆ," ಎಂದು ಪುಟ್ಟಬಸಮ್ಮ ಒಳಗೆ ಹೋದಳು. ಆ ರಾತ್ರಿಯೇ ಪುಸ್ತಕಗಳು ಟ್ರಂಕು ಸೇರಿದವು. ಮತ್ತೆಂದೂ ಆ ಸುದ್ದಿ ಎತ್ತಲಿಲ್ಲ.

ಎಂಟು ವರ್ಷ ಕಳೆಯಿತು. ಒಂದು ಬೆಳಗ್ಗೆ ರೇಷನ್ ಕಾರ್ಡು ಹುಡುಕುತ್ತ ಷಡಕ್ಷರಿ ಅದೇ ಟ್ರಂಕು ತೆಗೆದ. ತಳದಲ್ಲಿ ಮೂರು ಮಾರ್ಕ್ಸ್ ಕಾರ್ಡುಗಳಿದ್ದವು. ಲೆಕ್ಕದಲ್ಲಿ ಮೊದಲ ಸಲ ಒಂಬತ್ತು. ಎರಡನೇ ಸಲ ಹತ್ತೊಂಬತ್ತು. ಮೂರನೇ ಸಲ ಮೂವತ್ತು. ಪಾಸಿಗೆ ಬೇಕಿದ್ದದ್ದು ಮೂವತ್ತೈದು.

ಅವನು ನೆಲದ ಮೇಲೇ ಕೂತುಬಿಟ್ಟ. ಬೇರೆ ಯಾವ ಹುಡುಗ ಈ ಕಾರ್ಡುಗಳನ್ನು ತಂದು ತೋರಿಸಿದ್ದರೂ ಬೆನ್ನು ತಟ್ಟಿ, "ಇನ್ನೊಂದು ಸಲ ಕಟ್ಟೋ, ಬಂದೇ ಬರ್ತದೆ" ಎನ್ನುತ್ತಿದ್ದ. ಅಕ್ಕನದನ್ನು ಕಣ್ಣೆತ್ತಿ ನೋಡಿರಲೂ ಇಲ್ಲ.

ಸ್ಕೂಲಿಗೆ ಹೋಗುವ ಬದಲು ಅಂಗನವಾಡಿಗೆ ಹೋದ. ಪುಟ್ಟಬಸಮ್ಮ ಜಗಲಿಯ ಮೇಲೆ ಮೊರದಲ್ಲಿ ರವೆ ಹಸನು ಮಾಡುತ್ತಿದ್ದಳು. ಅವನ ಕೈಯಲ್ಲಿದ್ದ ಕಾರ್ಡುಗಳನ್ನು ಕಂಡು ಅವಳ ಕೈ ನಿಂತಿತು.

"ಅಕ್ಕ, ನಾನವತ್ತು ತಪ್ಪು ಹೇಳ್ಬುಟ್ಟೆ. ಅದು ವ್ಯರ್ಥ ಅಲ್ಲ."

"ಮತ್ತೇನು?"

"ವಿಫಲ. ಈ ವರ್ಷ ಗಿಡ ಕಾಯಿ ಬಿಡಲಿಲ್ಲ ಅಂದ್ರೆ ವಿಫಲ. ಮುಂದಿನ ವರ್ಷ ಬಿಡಬಹುದು. ಗಿಡ ನೆಟ್ಟಿದ್ದೇ ದಂಡ ಅಂದ್ರೆ ವ್ಯರ್ಥ." ಅವನು ಕಾರ್ಡುಗಳನ್ನು ಅವಳ ಪಕ್ಕ ಜಗಲಿಯ ಮೇಲಿಟ್ಟ. "ಇನ್ನೊಂದು ಸಲ ಕಟ್ಟಕ್ಕ. ನಾನೇ ಕೂತು ಹೇಳಿಕೊಡ್ತೀನಿ."

ಅವಳು ನಕ್ಕಳು, ಸಿಟ್ಟಿರಲಿಲ್ಲ. "ನಂಗೀಗ ನಲವತ್ನಾಲ್ಕು ಕಣೋ. ಟೀಚರ್ ಆಗೋ ವಯಸ್ಸು ಯಾವತ್ತೋ ಮೀರ್ತು." ರವೆಯನ್ನು ಬೆರಳಲ್ಲಿ ಹರಡುತ್ತ ಕೇಳಿದಳು, "ಈ ಎರಡು ಮಾತಿನ ವ್ಯತ್ಯಾಸ ನಿಂಗೆ ಅವತ್ತೂ ಗೊತ್ತಿತ್ತಲ್ವ?"

ಗೊತ್ತಿತ್ತು. ಆಗಲೂ ದಿನಾ ಕಲಿಸುತ್ತಿದ್ದುದು ಅದನ್ನೇ.

ಒಳಗಿನಿಂದ ಹೊಸ ಟೀಚರ್ ಹೇಮಶ್ರೀ, "ಆಯಾ, ಉಪ್ಪಿಟ್ಟಿಗೆ ಹೊತ್ತಾಯ್ತು ಕಣಮ್ಮ," ಎಂದು ಕೂಗಿದಳು. ಇನ್ನೂ ಇಪ್ಪತ್ತಮೂರರ ಹುಡುಗಿ.

"ಬಂದೆ ಮಿಸ್," ಎಂದು ಪುಟ್ಟಬಸಮ್ಮ ಮೊರ ಎತ್ತಿಕೊಂಡು ಎದ್ದಳು. ಷಡಕ್ಷರಿ ಚಪ್ಪಲಿ ಕಳಚಿ ಹಿಂದೆಯೇ ಒಳಗೆ ಹೋಗಿ, ಮೂಲೆಯಲ್ಲಿದ್ದ ಸ್ಟೀಲ್ ತಟ್ಟೆಗಳನ್ನು ಮಕ್ಕಳ ಮುಂದೆ ಒಂದೊಂದಾಗಿ ಇಡತೊಡಗಿದ.