ಹತ್ತು ಅಂಕಿಯ ಕಲ್ಲು

ಸಂಜೀವಯ್ಯ ಮೇಷ್ಟ್ರಿಗೆ ಮನೆದೇವರಿಗಿಂತ ಹೆಚ್ಚು ಭಕ್ತಿ ಇದ್ದದ್ದು 2147483647ರ ಮೇಲೆ. ಅದು ಅವಿಭಾಜ್ಯ ಸಂಖ್ಯೆ. ಒಂದನ್ನೂ ಅದನ್ನೂ ಬಿಟ್ಟರೆ ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಇನ್ನೂರು ವರ್ಷಕ್ಕೂ ಹಿಂದೆಯೇ ಜಗತ್ತು ಕಂಡುಕೊಂಡ ಈ ಸಂಗತಿಯನ್ನು ಮೇಷ್ಟ್ರು ಮಾತ್ರ ನಂಬಲಿಲ್ಲ. ನಿವೃತ್ತಿಯಾದ ಮೇಲೆ ಬನಶಂಕರಿಯ ಮನೆಯ ವರಾಂಡದಲ್ಲಿ ಕೂತು, ಕ್ಯಾಲ್ಕುಲೇಟರ್ ಮುಟ್ಟದೆ, ನಾಲ್ಕು ಸಾವಿರಕ್ಕೂ ಹೆಚ್ಚು ಭಾಗಾಕಾರ ಮಾಡಿದರು. ಹೆಂಡತಿ ಮಧುಮತಿ ಕಾಫಿ ತಂದಿಟ್ಟು ತಂದಿಟ್ಟು ಸುಸ್ತಾದಳು. ಕೊನೆಗೊಂದು ದಿನ ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, ಜಗತ್ತು ಹೇಳಿದ್ದು ಸರಿ ಎಂದು ಒಪ್ಪಿಕೊಂಡರು.

ತಪ್ಪು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಅಂಕಿ ತಪ್ಪಿದರೂ ಇಡೀ ಲೆಕ್ಕಕ್ಕೆ ಸೊನ್ನೆ. ಅವರ ಕ್ಲಾಸಿನಲ್ಲೇ ಓದುತ್ತಿದ್ದ ಮಧುಮತಿಯ ತಮ್ಮ ಶಿವರಾಮನಿಗೂ ಹಾಗೆಯೇ ಸೊನ್ನೆ ಸುತ್ತಿದ್ದರು. ಅದರಿಂದಲೇ ಫೇಲಾಗಿ ಅವನು ಒಂದು ವರ್ಷ ಮನೆಯಲ್ಲಿ ಕೂತ. ಅತ್ತೆ ಬಂದು ಕಣ್ಣೀರು ಹಾಕಿದರೂ ಮೇಷ್ಟ್ರು ಕರಗಲಿಲ್ಲ. ಲೆಕ್ಕಕ್ಕೆ ನೆಂಟಸ್ತನವಿಲ್ಲ ಎಂದಿದ್ದರು.

ಭಾಗಾಕಾರದ ಸುದ್ದಿ ಬಡಾವಣೆ ಸಂಘದ ಅಧ್ಯಕ್ಷ ಬೈರಣ್ಣನ ಕಿವಿಗೆ ಬಿತ್ತು. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಬಾಡಿಗೆ ಮನೆ ಬೆಳೆಯುತ್ತಿದ್ದ ಬೈರಣ್ಣನಿಗೆ ರಾಜ್ಯೋತ್ಸವದ ದಿನ ಸನ್ಮಾನಿಸಲು ಯಾರಾದರೊಬ್ಬರು ಬೇಕಿತ್ತು.

"ಸಾರ್, ನಿಮ್ ನಂಬರನ್ನ ಗ್ರಾನೈಟಲ್ಲಿ ಕೆತ್ತಿಸಿ ಪಾರ್ಕಲ್ಲಿ ನಿಲ್ಲಿಸ್ತೀನಿ. ಶಾಲು, ಪೇಟ, ಎಲ್ಲಾ ನಂದೇ" ಎಂದ. ಮೇಷ್ಟ್ರು ಬೇಡ ಬೇಡ ಎನ್ನುತ್ತಲೇ ತಲೆಯ ಅಳತೆ ಕೊಟ್ಟರು.

ರಾಜ್ಯೋತ್ಸವದ ದಿನ ಪಾರ್ಕಿನಲ್ಲಿ ಕಲ್ಲಿನ ಮೇಲಿನ ಪರದೆ ಸರಿಯಿತು. ಬಂಗಾರದ ಬಣ್ಣದಲ್ಲಿ 2147483646 ಹೊಳೆಯಿತು.

"ಇದ್ಯಾರ ಫೋನ್ ನಂಬರು?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು. ಮೇಷ್ಟ್ರ ಕಣ್ಣು ಕೊನೆಯ ಅಂಕಿಯಿಂದ ಕದಲಲಿಲ್ಲ. ಏಳು ಇರಬೇಕಾದಲ್ಲಿ ಆರು!

"ಬೈರಣ್ಣ, ಕೊನೇದು ಏಳಲ್ವಾ?" ಎಂದು ಪಿಸುಗುಟ್ಟಿದರು.

"ಹೌದು ಸಾರ್, ಏಳೇ ಇತ್ತು. ಎಲ್ಲಾ ಕೂಡಿದ್ರೆ ನಲವತ್ತಾರು ಬರ್ತಿತ್ತು. ನಂಗೆ ಒಂಬತ್ತು ಲಕ್ಕಿ. ಅದಕ್ಕೇ ಒಂದು ಕಮ್ಮಿ ಮಾಡಿಸ್ದೆ. ನಲವತ್ತೈದಾಯ್ತು, ನಾಲ್ಕೂ ಐದೂ ಒಂಬತ್ತು! ಹೇಗೆ?"

ಒಂಬತ್ತು ಬಂತು, ಮಾನ ಹೋಯಿತು. ಈಗ ಅದು ಒಂಬತ್ತರಿಂದಲೂ ಭಾಗವಾಗುತ್ತದೆ, ಎರಡರಿಂದಲೂ ಭಾಗವಾಗುತ್ತದೆ. ಮಗ್ಗಿ ಕಲಿಯುವ ಮಗುವೂ ಒಡೆದು ಹಾಕಬಲ್ಲ ಸಂಖ್ಯೆ. ಮೈಕು ಮೇಷ್ಟ್ರ ಕೈಯಲ್ಲೇ ಇತ್ತು, ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಬೈರಣ್ಣ ಪೇಟ ಎತ್ತಿ ಹಿಡಿದ. ಜರಿಯ ಅಂಚಿನ, ಬಲು ಚೆಂದದ ಪೇಟ. ಮೇಷ್ಟ್ರು ತಲೆ ಬಗ್ಗಿಸಿದರು.

ಆಮೇಲೆ ಅದೇ ಕಲ್ಲಿನ ಪಕ್ಕ ನಿಂತು ಅರ್ಧ ಗಂಟೆ ಭಾಷಣವನ್ನೂ ಮಾಡಿದರು. "ಈ ಸಂಖ್ಯೆಯನ್ನು ಯಾರಿಂದಲೂ ಒಡೆಯಲಾಗದು" ಎನ್ನುವಾಗ ದನಿ ನಡುಗಿತು. ಮೇಷ್ಟ್ರಿಗೆ ಸಂತೋಷ ಉಕ್ಕಿ ಬಂದಿದೆ ಎಂದುಕೊಂಡ ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಮನೆಗೆ ನಡೆಯುವಾಗ ಮಧುಮತಿ ಕೇಳಿದಳು: "ರೀ, ಆರಲ್ಲಿ ಮುಗಿದ್ರೆ ಎರಡರಿಂದ ಹೋಗಲ್ವಾ?"

"ಮೆತ್ತಗೆ ಮಾತಾಡೇ. ಒಂದೇ ಒಂದು ಅಂಕಿ ತಾನೇ, ಬಿಡು."

ಮಧುಮತಿ ನಡುರಸ್ತೆಯಲ್ಲೇ ನಿಂತುಬಿಟ್ಟಳು.

"ನಮ್ ಶಿವರಾಮಂದೂ ಒಂದೇ ಅಂಕಿ ಕಣ್ರೀ."

ಪೇಟ ಜಾರಿ ಕಣ್ಣಿನವರೆಗೆ ಬಂದಿತ್ತು. ಮೇಷ್ಟ್ರು ಅದನ್ನು ಮೇಲಕ್ಕೆ ಸರಿಸಲಿಲ್ಲ.