ಟೋಲ್ ತಪ್ಪಿಸಿದ ದಾರಿ

ನನ್ನ ಅಪ್ಪನಿಗೆ ದಿಕ್ಕಿನ ಅರಿವು ಇರಲಿಲ್ಲ. ಸ್ವಲ್ಪ ಕಡಿಮೆ ಇತ್ತು ಅಂತಲ್ಲ, ಇರಲೇ ಇಲ್ಲ. ಹುಟ್ಟಿ ಬೆಳೆದ ರೊಸಾರಿಯೊದಲ್ಲೇ ಹಲ್ಲಿನ ಡಾಕ್ಟರ ಮನೆಯಿಂದ ಹೊರಗೆ ಬಂದರೆ ನದಿ ಎಡಕ್ಕೋ ಬಲಕ್ಕೋ ಎಂದು ನಿಂತುಬಿಡುತ್ತಿದ್ದ. ಯಾರನ್ನೂ ಕೇಳುತ್ತಿರಲಿಲ್ಲ. ಗಂಡಸು ದಾರಿ ಕೇಳಬಾರದು ಎಂಬುದು ಅವನ ನಂಬಿಕೆ. ಕೇಳುವ ಅಗತ್ಯವೂ ಬಿದ್ದಿರಲಿಲ್ಲ, ಅಮ್ಮ ಇದ್ದಳು.

ಪ್ರತಿ ಜನವರಿಯಲ್ಲಿ, ಬೇಸಿಗೆ ರಜೆಗೆ, ನಾವು ಅರ್ಜೆಂಟೀನದ ಗಡಿ ದಾಟಿ ಬ್ರೆಜಿಲ್ಲಿನ ಸಮುದ್ರಕ್ಕೆ ಹೋಗುತ್ತಿದ್ದೆವು. ಅರ್ಧ ರೊಸಾರಿಯೊ ಹೋಗುತ್ತದೆ. ಅಪ್ಪ ಎಲ್ವಿಯೊ ಓಡಿಸುವುದು, ಅಮ್ಮ ನೆಲಿದಾ ಪಕ್ಕದ ಸೀಟು, ನಾನು ಹಿಂದೆ ಛತ್ರಿ ಕುರ್ಚಿಗಳ ಜೊತೆ. ಅಮ್ಮನ ಸೀಟಿಗೆ ಎರಡು ಕೆಲಸ. ತೊಡೆಯ ಮೇಲೆ ನಕ್ಷೆ ಬಿಚ್ಚಿಕೊಂಡು ದಾರಿ ಹೇಳುವುದು ಒಂದು. ಯೆರ್ಬಾ ಹಾಕುವುದು ಇನ್ನೊಂದು. ಸೋರೆಬುರುಡೆಯಲ್ಲಿ ಯೆರ್ಬಾ ಸೊಪ್ಪಿನ ಪುಡಿ, ಅದರೊಳಗೆ ಹೀರುವ ಕೊಳವೆ, ಮೇಲೆ ಥರ್ಮಸ್ಸಿನ ಬಿಸಿನೀರು. ಹಾಕುವವರು ಒಬ್ಬರೇ. ಅವರು ಕೊಟ್ಟಾಗ ಕುಡಿಯಬೇಕು, ಕುಡಿದು ಅವರ ಕೈಗೇ ವಾಪಸು ಕೊಡಬೇಕು. ಬೇರೆಯವರು ಥರ್ಮಸ್ ಮುಟ್ಟುವ ಹಾಗಿಲ್ಲ. ನಮ್ಮ ಕಾರಿನಲ್ಲಿ ಸ್ಟೀರಿಂಗ್ ಹಿಡಿದವನು ಡ್ರೈವರ್, ಥರ್ಮಸ್ ಹಿಡಿದವಳು ಯಜಮಾನಿ.

2009ರ ಹೊತ್ತಿಗೆ ಅಮ್ಮನಿಗೆ ನಕ್ಷೆ ಕಾಣುತ್ತಿರಲಿಲ್ಲ. ಹಿಂದಿನ ವರ್ಷ ನಮ್ಮನ್ನು ಯಾವುದೋ ಬೇರೆ ಊರಿಗೆ ಕರೆದೊಯ್ದು, ಪ್ರಿಂಟ್ ಸರಿಯಿಲ್ಲ ಎಂದು ನಕ್ಷೆಯನ್ನು ಬೈದಿದ್ದಳು. ಪೇಪರ್ ಓದುವುದನ್ನು ಬಿಟ್ಟಿದ್ದಳು. ಕೇಳಿದರೆ ಎಲ್ಲ ಸುಳ್ಳು ಬರೀತಾರೆ ಅನ್ನುತ್ತಿದ್ದಳು. ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಕೋಳಿ ಕಾಳು ನೋಡುವ ಹಾಗೆ ತಲೆ ಓರೆ ಮಾಡಿ ಪಕ್ಕದಿಂದ ನೋಡುತ್ತಿದ್ದಳು. ಅಜ್ಜಿಯೂ ಕೊನೆಗಾಲದಲ್ಲಿ ಹೀಗೇ ನೋಡುತ್ತಿದ್ದಳು. ಅಜ್ಜಿಯ ಕೈಯಿಂದ ಮೊದಲು ಕತ್ತರಿ, ಆಮೇಲೆ ಚಾಕು, ಕಡೆಗೆ ಥರ್ಮಸ್ ಕಿತ್ತುಕೊಂಡು ಕಿಟಕಿಯ ಬಳಿ ಕೂರಿಸಿದರು. ಕಿತ್ತುಕೊಂಡವಳು ಅಮ್ಮನೇ. ಹಾಗಾಗಿ ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಅಮ್ಮ ರೂಮು ಬಿಟ್ಟು ಹೋಗುತ್ತಿದ್ದಳು.

ಅಪ್ಪ ಗುಟ್ಟಾಗಿ ಡಾಕ್ಟರನ್ನು ಕೇಳಿಕೊಂಡು ಬಂದಿದ್ದ. ಬೇಗ ಬಂದರೆ ಇಂಜೆಕ್ಷನ್ ಕೊಟ್ಟು ಉಳಿದಷ್ಟನ್ನು ಉಳಿಸಬಹುದು, ತಡವಾದರೆ ಇಲ್ಲ, ಎಂದಿದ್ದರಂತೆ.

"ಹೇಳಿಬಿಡು ಅವಳಿಗೆ," ಎಂದೆ.

"ನಾವು ಹೇಳಿದ್ರೆ ಸಾಯೋವರೆಗೂ ಇಲ್ಲ ಅಂತಾಳೆ. ಅವಳ ಬಾಯಿಂದಾನೇ ಬರ್ಬೇಕು," ಎಂದ ಅಪ್ಪ. "ನಕ್ಷೆ ಓದೋ ಕಷ್ಟ ಒಂದು ತಪ್ಸಿದ್ರೆ ಬರತ್ತೆ."

ಹೀಗೆ ಜಿಪಿಎಸ್ ಬಂತು. ನಮ್ಮ ಬೀದಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಚೀಚೊ ಅದಕ್ಕೆ ಬ್ರೆಜಿಲ್ಲಿನ ನಕ್ಷೆ ತುಂಬಿಸಿಕೊಟ್ಟ. ಯಾರೋ ಹವ್ಯಾಸಿಗಳು ಪುಕ್ಕಟೆ ಮಾಡಿ ಹಂಚಿದ ನಕ್ಷೆ. ಚೀಚೊ ಕೇಳುವ ಮೊದಲೇ ಅಪ್ಪ 'ಟೋಲ್ ತಪ್ಪಿಸು' ಅನ್ನುವುದಕ್ಕೆ ಗುರುತು ಹಾಕಿಸಿದ್ದ. ನಮ್ಮ ಕಡೆ ಎಲ್ಲರೂ ಹಾಕುತ್ತಾರೆ. ಟೋಲ್ ಗೇಟಿನ ಪಕ್ಕದಲ್ಲಿ ಒಂದು ಹಳ್ಳಿಯ ಡಾಂಬರು ರಸ್ತೆ ಇದ್ದೇ ಇರುತ್ತದೆ. ಟೋಲ್ ಕೊಟ್ಟು ಬಂದವನನ್ನು ನೆಂಟರು ವರ್ಷವೆಲ್ಲ ಆಡಿಕೊಳ್ಳುತ್ತಾರೆ.

ಹೊರಡುವ ದಿನ ಅಮ್ಮ ಗಾಜಿಗೆ ಅಂಟಿಸಿದ ಡಬ್ಬಿಯನ್ನು ಓರೆಯಾಗಿ ನೋಡಿದಳು.

"ಏನದು?"

"ದಾರಿ ಹೇಳತ್ತೆ."

"ಹಾಗಾದ್ರೆ ನಾನ್ಯಾಕೆ?"

"ನೀನು ಆರಾಮಾಗಿ ಯೆರ್ಬಾ ಹಾಕು, ಮುದುಕಿ."

ಅಷ್ಟರಲ್ಲಿ ಡಬ್ಬಿ ಮಾತಾಡಿತು. ಹೆಂಗಸಿನ ದನಿ, ಅಪ್ಪಟ ಸ್ಪೇನಿನ ಉಚ್ಚಾರ. ಅಮ್ಮ ಥರ್ಮಸ್ಸನ್ನು ಎದೆಗವಚಿಕೊಂಡಳು.

"ಇಪ್ಪತ್ತೆಂಟು ವರ್ಷ ಆದ್ಮೇಲೆ ಸವತಿ ತಂದ್ಯಾ? ಅದೂ ಗಶೇಗಾನ!"

ಸ್ಪೇನಿನ ಹೆಂಗಸರನ್ನೆಲ್ಲ ನಮ್ಮೂರಲ್ಲಿ ಗಶೇಗಾ ಎಂದೇ ಕರೆಯುವುದು. ಡಬ್ಬಿಗೆ ಅದೇ ಹೆಸರಾಯಿತು. ಅಮ್ಮ ಹಳೆಯ ನಕ್ಷೆಯನ್ನೂ ತಂದು ತೊಡೆಯ ಮೇಲೆ ಬಿಚ್ಚಿಕೊಂಡಳು. ನಾನು ಹಿಂದಿನಿಂದ ನೋಡಿದೆ, ತಲೆಕೆಳಗಾಗಿ ಹಿಡಿದಿದ್ದಳು.

ಗಡಿಯ ತನಕ ಗಶೇಗಾ ಸರಿಯಾಗಿಯೇ ಹೇಳಿದಳು. "ವೃತ್ತದಲ್ಲಿ ಮೂರನೆಯ ನಿರ್ಗಮನವನ್ನು ಬಳಸಿರಿ," ಎಂದರೆ ಅಮ್ಮ ಮೂಗು ಹಿಡಿದುಕೊಂಡು ಅದೇ ಉಚ್ಚಾರದಲ್ಲಿ, "ಮಹಾರಾಣಿಯವರು ಹೇಳಿದ್ದು ಕೇಳಿಸ್ತಾ? ಬಳಸಿರಿ!" ಅನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. ನಡುವೆ ಬುರುಡೆಗೆ ನೀರು ಹಾಕಲು ಹೋಗಿ ಅವನ ಮುಂಗೈ ಮೇಲೆ ಸುರಿದಳು. ಅಪ್ಪ ಹಲ್ಲು ಕಚ್ಚಿ, "ರಸ್ತೆ ಕುಲುಕತ್ತೆ," ಎಂದ. ರಸ್ತೆ ಗಾಜಿನ ಹಾಗೆ ನುಣುಪಾಗಿತ್ತು.

ಗಡಿಯಲ್ಲಿ ರಾತ್ರಿ ಕಳೆದು, ಮರುದಿನ ಬ್ರೆಜಿಲ್ಲಿನ ಹೆದ್ದಾರಿ ಹಿಡಿದೆವು. ಗಡಿಯ ಸೇತುವೆ ದಾಟಿದ್ದೇ ಗಶೇಗಾಳ ಜ್ಞಾನ ತೆಳ್ಳಗಾಯಿತು. ನಮ್ಮ ಕಡೆಯ ನಕ್ಷೆಯಲ್ಲಿ ಪೆಟ್ರೋಲ್ ಬಂಕು, ಶಾಲೆ, ಚರ್ಚು ಎಲ್ಲ ಇದ್ದವು. ಇಲ್ಲಿ ಖಾಲಿ ಬಯಲಿನ ಮೇಲೆ ನಾಲ್ಕು ಗೆರೆ, ನಡುವೆ ನಮ್ಮ ಕಾರಿನ ಬಾಣ. ಮಧ್ಯಾಹ್ನ ಕಳೆದ ಮೇಲೆ, ಹೆದ್ದಾರಿ ನೇರ ಹೋಗುತ್ತಿರುವಾಗಲೇ, "ಬಲಕ್ಕೆ ತಿರುಗಿರಿ," ಎಂದಳು.

"ಮುಂದೆ ಟೋಲ್ ಇರ್ಬೇಕು," ಎಂದು ಅಪ್ಪ ಖುಷಿಯಿಂದ ತಿರುಗಿಸಿದ.

ಡಾಂಬರು ಸ್ವಲ್ಪ ದೂರಕ್ಕೇ ಮುಗಿಯಿತು. ಆಮೇಲೆ ಕೆಂಪು ಮಣ್ಣು, ಎರಡೂ ಕಡೆ ಭತ್ತದ ಗದ್ದೆ, ಮನುಷ್ಯರಿಲ್ಲ. ನಮ್ಮಲ್ಲಿ ಟೋಲ್ ತಪ್ಪಿಸಿದರೆ ಹತ್ತು ನಿಮಿಷ ಸುತ್ತು. ಇಲ್ಲಿ ಒಂದು ಗಂಟೆಯಾದರೂ ಹೆದ್ದಾರಿಯ ಸುಳಿವಿಲ್ಲ.

"ನಿಲ್ಸು, ಯಾರನ್ನಾದ್ರೂ ಕೇಳ್ತೀನಿ," ಎಂದಳು ಅಮ್ಮ.

"ಯಾರನ್ನ? ಕೊಕ್ಕರೇನಾ?"

"ನಿನ್ನ ಗಶೇಗಾಗಿಂತ ಕೊಕ್ಕರೆ ವಾಸಿ."

ಕೊನೆಗೆ ದಾರಿ ಒಂದು ಏರಿಗೆ ಹತ್ತಿ ನಿಂತಿತು. ಅದರಾಚೆ ನದಿ. ತೆರೆಯ ಮೇಲೆ ನಮ್ಮ ಗೆರೆ ಚುಕ್ಕಿಚುಕ್ಕಿಯಾಗಿ ನೀರಿನ ಮೇಲೇ ಹಾಯ್ದು ಆಚೆ ದಡಕ್ಕೆ ಹೋಗಿತ್ತು. "ಮುಂದೆ ಲಾಂಚ್ ಹತ್ತಿರಿ," ಎಂದಳು ಗಶೇಗಾ.

ಇಳಿಜಾರು ಕಡಿದಾಗಿತ್ತು. ಕಾರಿನ ಮೂತಿಯಾಚೆ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಯಾರಾದರೂ ಇಳಿದು ನೋಡಬೇಕಿತ್ತು. ನಾನು ಬಾಗಿಲಿಗೆ ಕೈ ಹಾಕಿದೆ.

"ನೀನು ಕೂತ್ಕೋ ಸಿಲ್ವಿನಾ," ಎಂದ ಅಪ್ಪ. ಆಮೇಲೆ, ಪ್ರತಿ ವರ್ಷ ಕೇಳುವ ದನಿಯಲ್ಲೇ, "ಮುದುಕಿ, ನೋಡ್ಕೊಂಡ್ ಬಾ. ಲಾಂಚ್ ಇದ್ಯಾ?"

ಅವನ ಲೆಕ್ಕ ನನಗೆ ಅರ್ಥವಾಯಿತು. ಅವಳು ಮೇಲೆ ನಿಂತು, ಕಾಣದೆ, ವಾಪಸು ಬಂದು, ಕಾಣಲ್ಲ ಎನ್ನಬೇಕು. ಅಲ್ಲಿಗೆ ಎಲ್ಲ ಮುಗಿಯುತ್ತದೆ, ರೊಸಾರಿಯೊಗೆ ಹೋಗಿ ಡಾಕ್ಟರನ್ನು ಕಾಣಬಹುದು.

ಅಮ್ಮ ಇಳಿದಳು. ಏರಿಯ ತುದಿಗೆ ನಡೆದು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಮಾಡಿದಳು. ತುಂಬ ಹೊತ್ತು ನಿಂತಳು. ಗಾಳಿಗೆ ಲಂಗ ಪಟಪಟ ಹೊಡೆದುಕೊಳ್ಳುತ್ತಿತ್ತು. ವಾಪಸು ಬಂದು ಸೀಟಿನಲ್ಲಿ ಕೂತು, ಥರ್ಮಸ್ ಕಾಲ ನಡುವೆ ಇಟ್ಟುಕೊಂಡಳು.

"ಇದೆ. ದಡಕ್ಕೇ ನಿಂತಿದೆ. ಹೋಗು."

ಅಪ್ಪ ಅವಳ ಮುಖ ನೋಡಿದ. ನಾನು ಅಪ್ಪನ ಕತ್ತಿನ ಹಿಂಭಾಗ ನೋಡಿದೆ. ಅವನು ಗೇರ್ ಹಾಕಿದ.

ಲಾಂಚ್ ಇರಲಿಲ್ಲ. ದಡಕ್ಕೆ ಒತ್ತಿಕೊಂಡು ಜಲಕಳೆ ಉದ್ದಕ್ಕೆ ಕಪ್ಪಗೆ ಬೆಳೆದಿತ್ತು, ಅದು ಅವಳ ಕಣ್ಣಿನ ಅಂಚಿಗೆ ಲಾಂಚಾಗಿತ್ತು. ಅಪ್ಪ ಬ್ರೇಕ್ ಒತ್ತಿದ. ಜಲ್ಲಿಯ ಮೇಲೆ ಕಾರು ತನ್ನ ಪಾಡಿಗೆ ತಾನು ಜಾರಿಕೊಂಡು ಹೋಗಿ ಮೂತಿಯನ್ನು ನದಿಗಿಟ್ಟು ನಿಂತಿತು. ಥರ್ಮಸ್ ಡ್ಯಾಶ್‌ಬೋರ್ಡಿಗೆ ಬಡಿದು ಒಳಗಿನ ಗಾಜು ಪುಡಿಯಾದ ಸದ್ದು ಕೇಳಿಸಿತು. "ಸಾಧ್ಯವಾದಾಗ ಹಿಂದಕ್ಕೆ ತಿರುಗಿರಿ," ಎಂದಳು ಗಶೇಗಾ.

ಅಪ್ಪ ಇಳಿದ. ಕೆಸರು ಮೊಣಕಾಲಿನವರೆಗೆ ಬಂತು. ಬಳಸಿಕೊಂಡು ಬಂದು ಅಮ್ಮನ ಬಾಗಿಲು ತೆಗೆದು, ಅವಳನ್ನು ಎತ್ತಿಕೊಳ್ಳಲು ಹೋದ.

"ಬಿಡು, ನಡೀತೀನಿ. ಕಾಲು ಸರಿಯಾಗಿದೆ ನಂಗೆ."

ದಡದಲ್ಲಿ ಒಂದು ಹಳೆಯ ಸಿಮೆಂಟಿನ ದಿಮ್ಮಿಯ ಮೇಲೆ ಕೂತಳು. ಲಂಗ ಹಿಂಡಿದಳು. ನೀರಿನ ಕಡೆ ನೋಡುತ್ತ ಹೇಳಿದಳು, "ಎಲ್ವಿಯೊ, ನಂಗೆ ನಡುವೆ ಏನೂ ಕಾಣಲ್ಲ. ಸುತ್ತಾ ಕಾಣತ್ತೆ. ನಡುವೆ ಬರೀ ಮಸಿ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಹೋದ್ವರ್ಷ ಆ ಬೇರೆ ಊರಿಗೆ ಕರ್ಕೊಂಡು ಹೋದ್ಯಲ್ಲ, ಆವಾಗಿಂದ."

ಅಮ್ಮ ನನ್ನ ಕಡೆ ತಿರುಗಿದಳು. "ನಿಂಗೂ?"

ನಾನು ತಲೆಯಾಡಿಸಿದೆ. ಆಮೇಲೆ ಅವಳಿಗೆ ಕಂಡಿರಲಿಕ್ಕಿಲ್ಲ ಎಂದು ನೆನಪಾಗಿ, "ಹ್ಞೂಂ ಅಮ್ಮ," ಎಂದೆ.

"ಕಳ್ಳರು. ಇಬ್ರೂ ಕಳ್ಳರು." ಅಪ್ಪನ ಕಡೆ ತಿರುಗಿದಳು. "ಕಾಣಲ್ಲ ಅಂತ ಗೊತ್ತಿದ್ದೂ ನಾನು ಇದೆ ಅಂದ ತಕ್ಷಣ ಕಾರು ಬಿಟ್ಯಲ್ಲೋ, ಗೂಬೆ! ಮಗಳು ಬೇರೆ ಹಿಂದೆ ಕೂತಿದ್ಲು!"

ಅಪ್ಪ ಕೆಸರಿನ ಕಾಲಲ್ಲಿ ನಿಂತು ಯೋಚಿಸಿದ.

"ನೀನು ಇದೆ ಅಂದ್ಯಲ್ಲ," ಎಂದ. "ಅಷ್ಟು ವರ್ಷದ್ದು ಅಭ್ಯಾಸ. ಕಾಲು ತಾನೇ ಬ್ರೇಕಿಂದ ಎದ್ಬಿಡ್ತು."

ಅಮ್ಮ ನಕ್ಕಳೋ ಅತ್ತಳೋ, ಮುಖ ಲಂಗದಲ್ಲಿ ಮುಚ್ಚಿಕೊಂಡಿದ್ದರಿಂದ ಗೊತ್ತಾಗಲಿಲ್ಲ. ಮುಖ ತೆಗೆದಾಗ ಕೇಳಿದಳು, "ಇನ್ಮೇಲೆ ಥರ್ಮಸ್ ನನ್ನ ಕೈಗೆ ಕೊಡಲ್ಲ, ಅಲ್ವಾ?"

"ಥರ್ಮಸ್ ಎಲ್ಲಿದೆ? ಒಡೆದುಹೋಯ್ತಲ್ಲ."

"ತಮಾಷೆ ಬೇಡ."

"ಹೊಸದು ತಗೊಳ್ಳೋಣ. ನಿನ್ನ ಕೈಗೇ. ಕೈ ಸುಟ್ರೆ ಸುಡ್ಲಿ, ಉದ್ದ ತೋಳಿನ ಶರ್ಟ್ ಹಾಕ್ಕೋತೀನಿ. ಆದ್ರೆ ಡಾಕ್ಟರ ಹತ್ರ ಬರ್ಬೇಕು."

"ಸಮುದ್ರ ನೋಡಿ ಬಂದ್ಮೇಲೆ."

"ವಾಪಸು ಹೋದ ದಿನಾನೇ."

"ಬಟ್ಟೆ ಒಗೆಯೋಕೆ ಒಂದಿನ ಬಿಡು."

"ಒಂದಿನ."

ಸಂಜೆಯ ಹೊತ್ತಿಗೆ ಗದ್ದೆಯ ಕಡೆಯಿಂದ ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವನು ಅರ್ಲಿಂದೊ ಎಂಬ ರೈತ. ಕಾರನ್ನೂ, ಹಿಂದಿನ ನಂಬರ್ ಪ್ಲೇಟನ್ನೂ ನೋಡಿ ಟೋಪಿ ಹಿಂದಕ್ಕೆ ತಳ್ಳಿ ನಕ್ಕ. ಅವನ ಪೋರ್ಚುಗೀಸ್ ನಮಗೆ ಅರ್ಧ ಅರ್ಥವಾಯಿತು, ನಗು ಪೂರ್ತಿ.

"ಅರ್ಜೆಂಟೀನದವ್ರು! ಟೋಲ್ ಉಳ್ಸೋಕೆ ಬಂದ್ರಾ? ಕೆಳಗಡೆ ಸೇತುವೆ ಆದ್ಮೇಲೆ ಇಲ್ಲಿ ಲಾಂಚೇ ಇಲ್ಲ ಸ್ವಾಮಿ. ಆದ್ರೂ ಜನವರಿ ಬಂತಂದ್ರೆ ನಿಮ್ಮೋರು ಯಾರಾದ್ರೂ ಬಂದೇ ಬರ್ತಾರೆ. ಹೋದ್ಸಲ ಬಂದೋರು ದೋಣಿ ಎಳ್ಕೊಂಡ್ ಬಂದಿದ್ರು, ಅವ್ರಿಗೆ ಪರವಾಗಿಲ್ಲ."

ಅಪ್ಪನಿಗೆ ಮುಖ ಎತ್ತಲಾಗಲಿಲ್ಲ. ಅಮ್ಮ ಮಾತ್ರ ಎರಡೂ ಭಾಷೆ ಬೆರೆಸಿ ಅವನ ಜೊತೆ ಹರಟೆ ಶುರುಮಾಡಿದಳು. ಸರಪಳಿ ಕಟ್ಟಿ ಕಾರು ಎಳೆಯುವಷ್ಟರಲ್ಲಿ ಅವನ ಹೆಂಡತಿಯ ಮಂಡಿನೋವು, ಭತ್ತದ ಬೆಲೆ, ಹೆದ್ದಾರಿಗೆ ಹೋಗುವ ದಾರಿ ಎಲ್ಲ ತಿಳಿದುಕೊಂಡಿದ್ದಳು. ಅವನು ತನ್ನ ಬುರುಡೆ ತೆಗೆದ. ಅವರದು ನಮ್ಮದರ ಮೂರರಷ್ಟು ದೊಡ್ಡದು, ಪುಡಿ ಹಸಿರು ಬಣ್ಣದ್ದು. ಮೊದಲು ಅಮ್ಮನಿಗೆ ಕೊಟ್ಟ. "ಹುಲ್ಲು ಕುಡಿದ ಹಾಗಿದೆ," ಎಂದು ನಮ್ಮ ಭಾಷೆಯಲ್ಲಿ ಹೇಳಿ, ಅವನ ಕಡೆ ತಿರುಗಿ ತುಂಬ ಚೆನ್ನಾಗಿದೆ ಎಂದಳು.

ಇಂಜಿನ್ ಕೆಮ್ಮುತ್ತ ಹೊತ್ತಿಕೊಂಡಿತು. ಅಮ್ಮ ಮುಂದಿನ ಸೀಟಿನಲ್ಲೇ ಕೂತಳು. ನಕ್ಷೆ ಒದ್ದೆಯಾಗಿತ್ತು, ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

"ದೊಡ್ಡ ಉಗ್ರಾಣ ಬರೋವರೆಗೆ ನೇರ, ಆಮೇಲೆ ಎಡಕ್ಕೆ, ಅಂದ ಅರ್ಲಿಂದೊ. ಉಗ್ರಾಣ ಬಂದ್ರೆ ನೀವಿಬ್ರು ಹೇಳ್ಬೇಕು, ನಂಗೆ ಕಾಣಲ್ಲ," ಎಂದಳು. ಕಾಣಲ್ಲ ಎಂಬ ಮಾತನ್ನು ಬಾಯಲ್ಲಿ ಹೊಸ ಹಲ್ಲಿನ ಹಾಗೆ ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಹೆದ್ದಾರಿ ಸಿಕ್ಮೇಲೆ ಆ ಗಶೇಗಾಗೆ ಹೇಳು, ಟೋಲ್ ಕೊಡ್ತೀವಿ ಅಂತ."

ಎರಡು ಉಗ್ರಾಣಗಳಿದ್ದವು. ನಾವು ಮೊದಲನೆಯದರಲ್ಲೇ ತಿರುಗಿ ಒಬ್ಬರ ಅಂಗಳಕ್ಕೆ ನುಗ್ಗಿ, ನಾಯಿಗಳಿಂದ ಬೈಸಿಕೊಂಡು ಹಿಂದೆ ಬಂದೆವು. ಅಮ್ಮ ಕಿಟಕಿ ಇಳಿಸಿ ಆ ಮನೆಯವರನ್ನೂ ಮಾತಾಡಿಸಿದಳು.

ಸಮುದ್ರಕ್ಕೆ ಹೋದೆವು. ಬಂದೆವು. ಬಟ್ಟೆ ಒಗೆಯಲು ಅಮ್ಮ ಎರಡು ದಿನ ತೆಗೆದುಕೊಂಡಳು, ಮೂರನೆಯ ದಿನ ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋದಳು. ಎಡಗಣ್ಣಿಗೆ ಇಂಜೆಕ್ಷನ್ ಶುರುವಾಯಿತು, ಅದರಲ್ಲಿದ್ದಷ್ಟು ದೃಷ್ಟಿ ಉಳಿಯಿತು. ಬಲಗಣ್ಣಿಗೆ ತಡವಾಗಿತ್ತು.

ಆ ಸಲ ಕಳೆದುಕೊಂಡದ್ದು ಇಷ್ಟು: ಒಂದು ಥರ್ಮಸ್, ಮುಂದಿನ ನಂಬರ್ ಪ್ಲೇಟ್, ಅಪ್ಪನ ಒಂದು ಚಪ್ಪಲಿ, ಅಮ್ಮನ ಒಂದು ಕಣ್ಣು.