ಅಪ್ಪನ ಕೆಮ್ಮು ಹೋದ ದಾರಿ

ತಂಗಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಗುಬ್ಬಿಯಷ್ಟು ಪುಟ್ಟ ಕೂಸನ್ನು ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸುವಾಗ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: ಕೆಮ್ಮುವವರು ಹತ್ತಿರ ಸುಳಿಯಬಾರದು.

ಮನೆಯಲ್ಲಿ ಕೆಮ್ಮುವವರು ಅಪ್ಪ ಒಬ್ಬರೇ. ನಲವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವರು. ಬಟ್ಟೆಯ ಧೂಳೆಲ್ಲ ಎದೆಯಲ್ಲೇ ಮನೆ ಮಾಡಿದಂತಿತ್ತು. ಯಾರೂ ಹೇಳುವ ಮೊದಲೇ ಹಾಸಿಗೆ ಸುತ್ತಿಕೊಂಡು ಮುಂದಿನ ಕೋಣೆ ಸೇರಿದರು. ದಿನಕ್ಕೆ ಹತ್ತು ಸಲ ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟು ಮೊಮ್ಮಗಳನ್ನು ನೋಡುವುದು, ಕೆಮ್ಮು ಬಂದರೆ ತೋಳಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿಯುವುದು.

ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಅವಳ ಕೆಲಸವೇ ಕೆಮ್ಮಿನ ಜಾಡು ಹಿಡಿಯುವುದು. ಆಸ್ಪತ್ರೆಯ ಕೋಣೆಯಲ್ಲಿ ಒಬ್ಬರು ಕೆಮ್ಮಿದರೆ ಹನಿಗಳು ಎತ್ತ ಹಾರುತ್ತವೆ, ಗಾಳಿ ಅವನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವವಳು. ಮಗಳ ಕೆಲಸವೇನೆಂದು ಯಾರಾದರೂ ಕೇಳಿದರೆ ಅಪ್ಪ, ಗಾಳಿಗೆ ಅಳತೆ ತೆಗೆಯುತ್ತಾಳೆ ಎನ್ನುತ್ತಿದ್ದರು.

ರಜೆಯ ದಿನ ಅವಳು ಮನೆಯನ್ನೇ ಅಳೆಯತೊಡಗಿದಳು. ಅಪ್ಪ ತಮ್ಮ ಹಳೆಯ ಟೇಪು ತೆಗೆದು ಇನ್ನೊಂದು ತುದಿ ಹಿಡಿದರು. ಬಾಗಿಲು, ಕಿಟಕಿ ಎಲ್ಲವನ್ನೂ, ಕೂಸಿನ ಕೋಣೆಯೊಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು ತೊಟ್ಟಿಲಿನ ಎತ್ತರವನ್ನೂ ಬರೆಸಿದರು. ಅವಳು ಅರ್ಧ ಇಂಚು ತಪ್ಪಿದರೂ ಮತ್ತೆ ಅಳೆಸಿದರು. ಗಾಳಿ ಯಾವ ಕಡೆಗೆ ಹರಿಯುತ್ತದೆಂದು ನೋಡಲು ಬಾಗಿಲುಗಳಿಗೆಲ್ಲ ಹತ್ತಿಯ ಎಳೆ ಕಟ್ಟಿದಳು.

ಎರಡು ದಿನಕ್ಕೆ ಕಂಪ್ಯೂಟರಿನಲ್ಲಿ ಮನೆಯ ಚಿತ್ರ ಬಂತು. ಕೆಂಪು ಚುಕ್ಕೆಗಳು ದೊಡ್ಡ ಹನಿಗಳು. ಒಂದೆರಡು ಮಾರು ಹೋಗಿ ನೆಲಕ್ಕೆ ಬಿದ್ದವು. ನೀಲಿಯವು ತೀರಾ ಸಣ್ಣವು, ಬೀಳದೆ ತೇಲಿದವು. ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಗೆಳೆಯುತ್ತಿದ್ದಂತೆ ಅವು ಸಾಲುಗಟ್ಟಿ ಅದೇ ಬಾಗಿಲ ಸಂದಿಯಲ್ಲಿ ನುಗ್ಗಿ, ತೊಟ್ಟಿಲನ್ನು ಹಾಯ್ದು ಅಡುಗೆಮನೆ ಸೇರಿದವು.

"ಇದು ನನ್ನ ಕೆಮ್ಮಾ?" ಎಂದರು ಅಪ್ಪ.

"ಹೂಂ ಅಪ್ಪ."

ಅವರು ಕುರ್ಚಿ ಎತ್ತಿಕೊಂಡು ಅಂಗಳಕ್ಕೆ ಹೋಗಿ ಕೂತರು. ಊಟಕ್ಕೂ ಒಳಗೆ ಬರಲಿಲ್ಲ. ಅವರಿಗೆ ಅದನ್ನು ತೋರಿಸುವ ಅಗತ್ಯವೇನಿತ್ತೆಂದು ತಂಗಿ ಅಕ್ಕನ ಮೇಲೆ ರೇಗಿದಳು.

ಮರುದಿನ ಕಚೇರಿಯಲ್ಲಿ ಕೂತು ಚಿತ್ರದೊಳಗಿನ ಅಪ್ಪನನ್ನು ಮನೆಯೆಲ್ಲ ಓಡಾಡಿಸಿದಳು. ಎಲ್ಲಿ ಕೂರಿಸಿದರೂ ಒಂದಲ್ಲ ಒಂದು ತೊಡಕು. ಕೊನೆಗೆ, ಯಾರೂ ಒಪ್ಪದ ಜಾಗದಲ್ಲಿ, ಕೂಸಿನ ಕೋಣೆಯಲ್ಲೇ ಕಿಟಕಿಯ ಪಕ್ಕ ಕೂರಿಸಿದಳು. ಕಿಟಕಿಯಲ್ಲಿ ಹೊರಮುಖವಾಗಿ ಒಂದು ಟೇಬಲ್ ಫ್ಯಾನು, ಅಡುಗೆಮನೆಯ ಫ್ಯಾನು ಬಂದ್, ಬಾಗಿಲು ಪೂರ್ತಿ ತೆರೆದದ್ದು. ಈಗ ಗಾಳಿ ಬಾಗಿಲಿನಿಂದ ಬಂದು ಮೊದಲು ತೊಟ್ಟಿಲು, ಆಮೇಲೆ ಅಪ್ಪ, ಆಮೇಲೆ ಹೊರಗೆ. ಐವತ್ತು ಸಲ ಕೆಮ್ಮಿಸಿದಳು. ನೀಲಿ ಚುಕ್ಕೆಗಳು ಹುಟ್ಟಿದ ಕೂಡಲೇ ಕಿಟಕಿ ದಾಟಿದವು. ತೊಟ್ಟಿಲ ಕಡೆ ಹೋದದ್ದು ಬೆರಳೆಣಿಕೆಯಷ್ಟು.

ಲೆಕ್ಕವೇ ಎಲ್ಲವೂ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಚಿತ್ರವನ್ನೂ ಅಪ್ಪನನ್ನೂ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಅವರು ಎದೆ ಪರೀಕ್ಷಿಸಿ, ಸೋಂಕೇನಿಲ್ಲ, ಹಳೆಯ ಕೆಮ್ಮು ಎಂದರು. ನೆಗಡಿಯಿಲ್ಲದ ದಿನ ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ಕೂರಬಹುದೆಂದರು.

ಕಿಟಕಿಗೆ ಟೇಬಲ್ ಫ್ಯಾನು ಇಟ್ಟಾಯಿತು. ಆದರೂ ಅಪ್ಪ ಕೋಣೆಯ ಹೊಸ್ತಿಲಲ್ಲೇ ನಿಂತರು. "ಬೇಡ ಕಣಮ್ಮ. ಕೂಸಿಗೆ ಏನಾದ್ರೂ ಆದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

"ಅಳತೆ ಹಿಡಿದವರು ನೀವೇ ಅಲ್ವಾ ಅಪ್ಪ? ನಿಮ್ಮ ಅಳತೆ ಯಾವತ್ತಾದ್ರೂ ತಪ್ಪಿದ್ದುಂಟಾ?"

ಒಬ್ಬ ಮೇಷ್ಟ್ರ ಪ್ಯಾಂಟು ಒಮ್ಮೆ ಗಿಡ್ಡವಾಗಿತ್ತೆಂದೂ, ಅದು ಬಟ್ಟೆಯ ತಪ್ಪೆಂದೂ ಹೇಳಿ, ಅಪ್ಪ ಕಾಲು ಒರೆಸಿಕೊಂಡು ಒಳಗೆ ಬಂದರು.

ಮಾಸ್ಕ್ ಹಾಕಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಕೂಸಿನ ಮುಖ ಪೂರ್ತಿಯಾಗಿ ಕಂಡದ್ದು ಅಂದೇ ಮೊದಲು. ಮೂಗು ಯಾರದು, ಹುಬ್ಬು ಯಾರದು ಎಂದು ಪಿಸುಮಾತಿನಲ್ಲೇ ತಂಗಿಯೊಡನೆ ವಾದ ನಡೆಯಿತು. ಒಮ್ಮೆ ಕೆಮ್ಮು ಬಂತು. ಗಾಬರಿಯಿಂದ ಕಿಟಕಿಗೆ ತಿರುಗಿದರು. ಕೂಸು ಮಿಸುಕಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಕೂಸೇ ಒಂದು ಸೀನು ಸೀನಿತು, ಅಂಗಿಯ ಗುಂಡಿಯಷ್ಟು ಚಿಕ್ಕದು.

"ಇದರ ಸೀನು ಎಲ್ಲಿ ತನಕ ಹೋಗುತ್ತಮ್ಮ?" ಎಂದು ಕೇಳಿದರು ಅಪ್ಪ.

ಅಕ್ಕ ನಗು ತಡೆದುಕೊಂಡು, ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುವುದರಿಂದ ನೇರವಾಗಿ ಅವರ ಬಳಿಗೇ ಬರುತ್ತದೆಂದು ವಿವರಿಸಿದಳು.

ಅಪ್ಪ ಕುರ್ಚಿಯಲ್ಲಿ ಒಂದಿಷ್ಟೂ ಅಲುಗಾಡಲಿಲ್ಲ.

"ಬರಲಿ ಬಿಡು," ಎಂದರು.